ಕೃತಿಯೂ ಕರ್ತೃವೂ

ಒಂದು ಕೃತಿಯನ್ನು ಕಂಡೊಡನೆ ಇದನ್ನು ಮಾಡಿದವರಾರೆಂದು ಕೇಳುವುದು ಮನುಷ್ಯನಿಗೆ ಸಹಜವಾದ ವಾಡಿಕೆ. ಉತ್ತರವಾಗಿ ಒಂದು ಹೆಸರು ದೊರೆತರೆ ಮನಸ್ಸು ತೃಪ್ತಿಗೊಂಡು ಸುಮ್ಮನಾಗುತ್ತದೆ. ಆದರೆ ಆ ಹೆಸರು ಹೇಳುವುದಾದರೂ ಏನನ್ನು? ಕೃತಿಯು ಆತನ ಬುದ್ಧಿಯಲ್ಲಿ ಹುಟ್ಟಿತೆಂದೆ? ಆತನ ಕೈಯಿಂದ ಸಿದ್ಧವಾಯಿತೆಂದೆ? ಅದರಿಂದ ಬಂದ ಫಲವು ಆತನಿಗೆ ಸಲ್ಲತಕ್ಕದ್ದೆಂದೆ? ಅಥವಾ ಅದರಲ್ಲಿ ದೋಷವಿದ್ದರೆ ಉತ್ತರ ಹೇಳತಕ್ಕವನು ಆತನೆಂದೆ? ಒಬ್ಬನೇ ಕುಳಿತು ಬರೆದ ಪದ್ಯದಲ್ಲಿ ಈ ನಾಲ್ಕು ಅರ್ಥಗಳೂ ಒಂದರೊಳಗೊಂದು ಬೆರೆತು ಹೋಗಿರುವುದರಿಂದ ಅವುಗಳ ಭೇದವು ಕಣ್ಣಿಗೆ ಬೀಳುವುದಿಲ್ಲ. ಹಲವರ ಕೈ ಸೇರಿ ಆದ ಕೃತಿಯಲ್ಲಿಯಾದರೋ ಅವು ಬೇರೆಬೇರೆಯಾಗಿ ನಿಂತು, ತೀರ್ಪನ್ನು ಬೇಡುತ್ತವೆ. ಜಪಾನ್ ದೇಶದ ಮರದಚ್ಚಿನ ಚಿತ್ರಗಳು ಇಂತಹ ಕೃತಿಗಳು. ಮತ್ತು ಅವುಗಳನ್ನು ರಚಿಸಿದವರಲ್ಲಿ ಲೋಕವೆಲ್ಲ ಬಲ್ಲ ಹೆಸರು ಹೊಕುಸಾಯಿಯದು.

ಕತ್ಸುಶಿಕಾ ಹೊಕುಸಾಯಿಯು 1760ರಲ್ಲಿ ಎಡೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ಹುಟ್ಟಿದನು. 1849ರಲ್ಲಿ ಅದೇ ನಗರದಲ್ಲಿ ಕಾಲವಾದನು. ಅರುವತ್ತೊಂಬತ್ತು ಎಪ್ಪತ್ತು ವರ್ಷಗಳಷ್ಟು ದೀರ್ಘಕಾಲ ಎಡೆಬಿಡದೆ ಚಿತ್ರ ಬರೆದ ಈ ಪುರುಷನ ಅತ್ಯಂತ ಪ್ರಸಿದ್ಧವಾದ ಮಾಲೆ 'ಫೂಜಿ ಪರ್ವತದ ಮೂವತ್ತಾರು ನೋಟಗಳು.' ಅದು ಸುಮಾರು 1830ರಿಂದ ಮೊದಲ್ಗೊಂಡು ಬಿಡಿಹಾಳೆಗಳಾಗಿ ಹೊರಬಂದಿತು. ಜನರು ಅದನ್ನು ಮೆಚ್ಚಿ ಕೊಂಡುದರಿಂದ ಪ್ರಕಾಶಕನು ಮತ್ತೆ ಹತ್ತನ್ನು ಸೇರಿಸಿದನು. ಹೀಗಾಗಿ ಮೂವತ್ತಾರೆಂಬ ಹೆಸರಿನ ಆ ಮಾಲೆಯಲ್ಲಿ 46 ಚಿತ್ರಗಳಿವೆ. ಕನಗಾವಾ ಕಡಲಿನ ಮಹಾತರಂಗವು ಅವುಗಳಲ್ಲೊಂದು. ಪಂಜಿನಂತೆ ಬೆರಳು ಚಾಚಿದ ನೊರೆಯ ಅಲೆ, ಅದರಡಿಯಲ್ಲಿ ಮೂರು ದೋಣಿಗಳು, ದೂರದಲ್ಲಿ ಸಣ್ಣದಾಗಿ ಕಾಣುವ ಫೂಜಿ: ಈ ಚಿತ್ರವನ್ನು ಎಲ್ಲಿಯೂ ಕಾಣದವರು ಇಂದು ವಿರಳ. ಅಚ್ಚಾದ ಕಾಲದಲ್ಲಿ ಅದು ಪೇಟೆಯ ಅಂಗಡಿಯಲ್ಲಿ ಸಾಮಾನ್ಯರೂ ಕೊಂಡೊಯ್ಯಬಹುದಾದ ಅಗ್ಗದ ಹಾಳೆ. 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದರ ಹಳೆಯ ಪ್ರತಿಯೊಂದು 27 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು; 2024ರಲ್ಲಿ ಜಪಾನ್ ಸರಕಾರವು ಹೊರಡಿಸಿದ ಸಾವಿರ ಯೆನ್ನಿನ ಹೊಸ ನೋಟಿನ ಮೇಲೆಯೂ ಅದೇ ಅಲೆಯಿದೆ.

ಈ ಚಿತ್ರದ ಎಡಗಡೆಯ ಮೂಲೆಯಲ್ಲಿ ಚಿತ್ರಕಾರನ ರುಜುವಿದೆ. ಹೊಕುಸಾಯಿ ಎಂಬ ಹೆಸರನ್ನು ಬದಲಿಸಿ ಇಯಿತ್ಸು ಎಂದು ಕರೆದುಕೊಂಡವನ ಕುಂಚದಿಂದ ಎಂಬುದು ಅದರ ತಾತ್ಪರ್ಯ. ಆದರೆ ಈ ಹಾಳೆಯನ್ನು ಆತನ ಕುಂಚವು ಎಂದೂ ಮುಟ್ಟಿದ್ದಿಲ್ಲ. ಇದು ಒಗಟಿನಂತೆ ತೋರಬಹುದು. ಆದುದರಿಂದ ಆ ಚಿತ್ರಗಳು ಸಿದ್ಧವಾಗುತ್ತಿದ್ದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ.

ಮೊದಲು ಪ್ರಕಾಶಕನು ಹಣ ಹೂಡಿ ಚಿತ್ರಕಾರನಿಗೆ ಕೆಲಸವನ್ನು ಒಪ್ಪಿಸುತ್ತಿದ್ದನು. ಮೂವತ್ತಾರು ನೋಟಗಳ ಪ್ರಕಾಶಕನು ನಿಶಿಮುರಾಯಾ ಯೊಹಾಚಿ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ಮಸಿಯಿಂದ ರೇಖೆಗಳನ್ನು ಬರೆದುಕೊಡುವನು. ಕೆತ್ತನೆಗಾರನು ಆ ಕಾಗದವನ್ನು ಕವುಚಿ ಚೆರ್ರಿ ಮರದ ಹಲಗೆಗೆ ಅಂಟಿಸಿ, ಕಾಗದದ ಮೂಲಕ ಕಾಣುವ ರೇಖೆಗಳ ಇಕ್ಕೆಲಗಳಲ್ಲಿ ಚಾಕುವಿನಿಂದ ಗೀರಿ, ಉಳಿದ ಮರವನ್ನು ಉಳಿಯಿಂದ ತೆಗೆದುಹಾಕುವನು. ಕೊನೆಯಲ್ಲಿ ರೇಖೆಗಳು ಮಾತ್ರ ಉಬ್ಬಾಗಿ ನಿಲ್ಲುತ್ತವೆ; ಕಾಗದವು ಮರದ ಚೂರುಗಳೊಡನೆ ನಾಶವಾಗುತ್ತದೆ. ಈ ಹಲಗೆಯಿಂದ ತೆಗೆದ ಕೆಲವು ಪ್ರತಿಗಳ ಮೇಲೆ ಚಿತ್ರಕಾರನು ಬಣ್ಣಗಳ ಸೂಚನೆ ಕೊಟ್ಟ ಮೇಲೆ, ಬಣ್ಣಗಳಿಗಾಗಿ ಪ್ರತ್ಯೇಕವಾಗಿ ಹಲಗೆಯ ಮುಖಗಳನ್ನು ಕೆತ್ತುವುದು. ಆಮೇಲೆ ಅಚ್ಚುಗಾರನ ಸರದಿ. ಆತನು ಹಲಗೆಗೆ ಕುಂಚದಿಂದ ಬಣ್ಣ ಬಳಿದು, ತೇವವಾದ ಕಾಗದವನ್ನು ಹಲಗೆಯ ಅಂಚಿನಲ್ಲಿ ಕೊರೆದ ಗುರುತುಗಳಿಗೆ ಸರಿಯಾಗಿ ಇರಿಸಿ, ಬಿದಿರಿನ ಕಣಿಲೆಯ ಪೊರೆ ಹೊದಿಸಿದ ದುಂಡನೆಯ ಬಿಲ್ಲೆಯಿಂದ ಬೆನ್ನನ್ನು ಉಜ್ಜುವನು. ಆಕಾಶವು ಮೇಲೆ ಕಪ್ಪಾಗಿ ಕೆಳಗೆ ಕ್ರಮೇಣ ತಿಳಿಯಾಗಬೇಕಾದರೆ ಹಲಗೆಯ ಮೇಲೆಯೇ ಬಣ್ಣವನ್ನು ಒರೆಸಿ ಹದಗೊಳಿಸಬೇಕು; ಆ ಹದವು ಹಲಗೆಯಲ್ಲಿಲ್ಲ, ಅಚ್ಚುಗಾರನ ಅಂಗೈಯಲ್ಲಿದೆ. ಹೀಗೆ ಒಂದೇ ಚಿತ್ರದ ಸಾವಿರಾರು ಪ್ರತಿಗಳು ಹೊರಬೀಳುತ್ತಿದ್ದವು.

ಈ ಕ್ರಮದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಚಿತ್ರಕಾರನು ಸ್ವಹಸ್ತದಿಂದ ಬರೆದುದು ಯಾವುದೋ ಅದು ಚಿತ್ರವು ಹುಟ್ಟುವ ಮೊದಲೇ ಅಳಿದುಹೋಗುತ್ತದೆ. ಮಹಾತರಂಗದ ಮೂಲಪ್ರತಿ ಎಂದು ಹೇಳಬಹುದಾದ ವಸ್ತುವು ಎಲ್ಲಿಯೂ ಇಲ್ಲ, ಇರುವುವೆಲ್ಲ ಪ್ರತಿಗಳೇ. ಕುಂಚದಿಂದ ಎಂದು ಸಾರುವ ಆ ರುಜುವಿನ ಒಂದೊಂದು ಗೆರೆಯೂ ಇನ್ನೊಬ್ಬನ ಚಾಕುವಿನ ಗೆರೆ. ಆ ಇನ್ನೊಬ್ಬನ ಹೆಸರು ಹಾಳೆಯಲ್ಲಿಲ್ಲ. ಅಚ್ಚೊತ್ತಿದವನ ಹೆಸರೂ ಇಲ್ಲ. ಹೀಗಿರಲು ಈ ಕೃತಿಯ ಕರ್ತೃವು ಯಾರು?

ಇದಕ್ಕೆ ಒಡನೆಯೇ ಹೊಳೆಯುವ ಉತ್ತರವೊಂದುಂಟು. ಕೃತಿಯು ಯಾರ ಕಲ್ಪನೆಯೋ ಆತನೇ ಕರ್ತೃ, ಉಳಿದವರು ಸಾಧನಗಳು, ಕವಿಯ ಲೇಖನಿಗೆ ಕಾವ್ಯದ ಮೇಲೆ ಹಕ್ಕಿಲ್ಲದಂತೆ ಇವರಿಗೂ ಹಕ್ಕಿಲ್ಲ ಎಂಬುದು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆ ನಗರದಲ್ಲಿ ನುರಿತ ಕೆತ್ತನೆಗಾರರು ಅನೇಕರಿದ್ದರು. ಅಂತಹ ಅಲೆಯನ್ನು ಕಂಡವನು ಒಬ್ಬನೇ. ಹಲಗೆಗಳು ಸವೆದ ಮೇಲೆ ಬೇರೆಯವರು ಹೊಸದಾಗಿ ಕೆತ್ತಿದರೂ ಚಿತ್ರವು ಹೊಕುಸಾಯಿಯದೆಂದೇ ಗುರುತು ಹತ್ತುತ್ತದೆ. ಆದರೂ ಈ ಉತ್ತರವನ್ನು ಸ್ವತಃ ಹೊಕುಸಾಯಿಯೇ ಒಪ್ಪುತ್ತಿರಲಿಲ್ಲವೆಂದು ಹೇಳಲು ಆಧಾರವಿದೆ. 1830ರ ದಶಕದಲ್ಲಿ ಆತನು ಪ್ರಕಾಶಕನಿಗೆ ಬರೆದ ಪತ್ರವೊಂದು ಪ್ರಸಿದ್ಧವಾಗಿದೆ. ಹಲಗೆಗಳನ್ನು ಎಗಾವಾ ತೊಮೆಕಿಚಿ ಎಂಬ ಕೆತ್ತನೆಗಾರನಿಂದಲೇ ಮಾಡಿಸಬೇಕೆಂದು ಆತನು ಅದರಲ್ಲಿ ಹೆಸರು ಹಿಡಿದು ಕೇಳಿದ್ದಾನೆ. ಅಷ್ಟಕ್ಕೇ ನಿಲ್ಲದೆ, ಬೇರೆ ಕೆತ್ತನೆಗಾರರು ತನ್ನ ಚಿತ್ರಗಳ ಮುಖಗಳಿಗೆ ಉತಗಾವಾ ಪಂಥದ ಮಾದರಿಯ ಮೂಗುಗಳನ್ನು ಕೊಟ್ಟು ಕೆಡಿಸುತ್ತಾರೆಂದು ಆಕ್ಷೇಪಿಸಿ, ಮೂಗು ಹೇಗಿರಬೇಕು, ಹೇಗಿರಕೂಡದು ಎಂಬುದನ್ನು ಪತ್ರದಲ್ಲಿಯೇ ಬರೆದು ತೋರಿಸಿದ್ದಾನೆ.

ಈ ಮೂಗಿನ ವಿಷಯವು ನಗೆಯನ್ನು ತರಬಹುದು. ಆದರೆ ಅದರಲ್ಲಿ ತತ್ವವಿದೆ. ಲೇಖನಿಗೆ ಪಂಥವಿಲ್ಲ, ಅದಕ್ಕೆ ರೂಢಿಯಿಲ್ಲ, ಒಡೆಯನ ಬರಹವನ್ನು ಅದು ತನ್ನ ಅಭಿರುಚಿಯಂತೆ ತಿದ್ದಲಾರದು. ಕೆತ್ತನೆಗಾರನು ಮೂಗನ್ನು ಕೆಡಿಸಬಲ್ಲನೆಂದರೆ ಆತನು ಅದನ್ನು ಉಳಿಸಲೂ ಬಲ್ಲನು. ಕೆಡಿಸುವ ಶಕ್ತಿಯುಳ್ಳವನು ಸಾಧನವಲ್ಲ, ಸಹಕರ್ತೃ. ತಪ್ಪಾದಾಗ ಕೆತ್ತಿದವನು ಕೆಡಿಸಿದನೆಂದು ದೂರಿ, ಸರಿಯಾದಾಗ ಬರೆದವನು ಬರೆದನೆಂದು ಹೊಗಳುವುದು ನ್ಯಾಯವಲ್ಲ. ಹೊಕುಸಾಯಿಯು ಈ ಅನ್ಯಾಯವನ್ನು ಮಾಡಲಿಲ್ಲ. ಕೆಟ್ಟ ಕೆತ್ತನೆಯನ್ನು ಹಳಿದ ಲೇಖನಿಯಿಂದಲೇ ಒಳ್ಳೆಯ ಕೆತ್ತನೆಗಾರನ ಹೆಸರನ್ನೂ ಬರೆದನು. 1834ರಿಂದ ಪ್ರಕಟವಾದ ಆತನ 'ಫೂಜಿ ಪರ್ವತದ ನೂರು ನೋಟಗಳು' ಎಂಬ ಪುಸ್ತಕದಲ್ಲಿ ಎಗಾವಾನ ಹೆಸರು ಅಚ್ಚಾಗಿದೆ. ಬೂದುಬಣ್ಣದ ಛಾಯೆಗಳಲ್ಲಿ ಅಚ್ಚಾದ ಆ ಪುಸ್ತಕದ ಕೂದಲೆಳೆಯಂತಹ ರೇಖೆಗಳನ್ನು ನೋಡಿದವರಿಗೆ, ಹೊಕುಸಾಯಿಯು ಆ ಕೈಯನ್ನು ಏತಕ್ಕಾಗಿ ಬಯಸಿದನೆಂಬುದು ತಾನಾಗಿ ತಿಳಿಯುತ್ತದೆ.

ಈ ತೊಡಕನ್ನು ಬುಡದಲ್ಲಿಯೇ ಕಡಿದುಹಾಕಬೇಕೆಂದು ಬಯಸಿದವರು ಮುಂದಿನ ಶತಮಾನದಲ್ಲಿ ಕಾಣಿಸಿಕೊಂಡರು. 1904ರಲ್ಲಿ ಯಮಮೊಟೊ ಕನಾಯೆ ಎಂಬ ತರುಣನು ಬೆಸ್ತನೊಬ್ಬನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚೊತ್ತಿದನು. ಚಿತ್ರವನ್ನು ಕಲ್ಪಿಸಿದವನೇ ಕೈಯಾರೆ ಕೊನೆಯವರೆಗೂ ಮಾಡದಿದ್ದರೆ ಅದು ನಿಜವಾದ ಕೃತಿಯಲ್ಲವೆಂಬ ಅಭಿಪ್ರಾಯವು ಬಲಿತು, 1918ರಲ್ಲಿ ಅಂತಹ ಕಲಾವಿದರ ಸಂಘವೇ ಸ್ಥಾಪಿತವಾಯಿತು. ಅವರ ಮನಸ್ಸಿನ ಶುದ್ಧಿಯನ್ನು ಗೌರವಿಸಲೇಬೇಕು. ತಾನು ಮಾಡದುದಕ್ಕೆ ತನ್ನ ಹೆಸರನ್ನು ಹಾಕಿಕೊಳ್ಳೆನೆಂಬ ಹಟದಲ್ಲಿ ಪ್ರಾಮಾಣಿಕತೆಯಿದೆ. ಮರದ ಗಡಸನ್ನು ಸ್ವಂತ ಕೈಯಿಂದ ಅರಿತವನ ರೇಖೆಗೆ ಬೇರೊಂದು ಬಲವೂ ಬರುತ್ತದೆ.

ಆದರೆ ಪ್ರಶ್ನೆಯು ಇದರಿಂದ ತೀರಿತೆ? ಕಾಗದವನ್ನು ಆತನು ಮಾಡಲಿಲ್ಲ. ನಾರನ್ನು ಬೇಯಿಸಿ ಬಡಿದು ಹಾಳೆಯೆತ್ತಿದವರು ಬೇರೆ. ಚಾಕುವನ್ನು ಕಾಸಿ ಬಡಿದ ಕಮ್ಮಾರನು ಬೇರೆ. ಮಹಾತರಂಗದ ಜೀವಾಳವಾದ ಗಾಢನೀಲಿಯಂತೂ ಹದಿನೆಂಟನೆಯ ಶತಮಾನದ ಆದಿಯಲ್ಲಿ ದೂರದ ಬರ್ಲಿನ್ ನಗರದಲ್ಲಿ ಕಂಡುಹಿಡಿಯಲ್ಪಟ್ಟು, ಕಡಲು ದಾಟಿ ಜಪಾನಿಗೆ ಬಂದ ಪ್ರಷ್ಯನ್ ನೀಲಿ. ಕೃತಿಯೊಂದನ್ನು ಆಮೂಲಾಗ್ರವಾಗಿ ಒಬ್ಬನೇ ಮಾಡಿದನೆಂಬುದು ಎಲ್ಲಿಯೂ ಪೂರ್ತಿಯಾಗಿ ನಿಜವಾಗಲಾರದು; ಗೆರೆಯನ್ನು ಸ್ವಲ್ಪ ಹಿಂದಕ್ಕೆ ಎಳೆಯಬಹುದು, ಅಷ್ಟೆ. ಅಲ್ಲದೆ, ಜೀವಮಾನವೆಲ್ಲ ಒಂದೇ ಕೆಲಸದಲ್ಲಿ ಪಳಗಿದ ಕೈಗಳು ಕೂಡಿದಾಗ ಆಗುವುದನ್ನು, ಎಲ್ಲವನ್ನೂ ಅಷ್ಟಷ್ಟು ಬಲ್ಲ ಒಬ್ಬನು ಮಾಡಲಾರನು. ಅದೇ ಕಾಲದಲ್ಲಿ ವತನಬೆ ಶೊಜಬುರೊ ಎಂಬ ಪ್ರಕಾಶಕನು ಹಳೆಯ ಪದ್ಧತಿಯಂತೆಯೇ ಚಿತ್ರಕಾರ, ಕೆತ್ತನೆಗಾರ, ಅಚ್ಚುಗಾರರನ್ನು ಕೂಡಿಸಿ ಕವಾಸೆ ಹಸುಯಿಯ ಮಳೆ ಹಿಮಗಳ ಚಿತ್ರಗಳನ್ನು ಹೊರತಂದನು. ಅವುಗಳ ಸೊಬಗೂ ಕಡಮೆಯದಲ್ಲ. ಆದುದರಿಂದ ಕೂಡಿ ಮಾಡುವುದರಲ್ಲಿ ದೋಷವಿಲ್ಲ; ದೋಷವಿದ್ದರೆ ಅದನ್ನು ಬೇರೆಡೆಯಲ್ಲಿ ಹುಡುಕಬೇಕು.

ಮೂರನೆಯ ಉತ್ತರವೊಂದಿದೆ, ಅದು ಧರ್ಮಬುದ್ಧಿಯುಳ್ಳವರಿಗೆ ಬಹಳ ರುಚಿಸುವಂತಹುದು. ಹೆಸರೆಂಬುದೇ ಅಹಂಕಾರ, ಕೃತಿಯು ಪರಂಪರೆಯದು, ಕೆಲಸ ಮಾಡಿ ಫಲವನ್ನು ಬಯಸದಿರುವುದೇ ಶ್ರೇಯಸ್ಸು, ಹೆಸರಿಲ್ಲದೆ ಹೋದ ಕೆತ್ತನೆಗಾರನೇ ನಿಜವಾದ ಯೋಗಿ ಎಂಬುದು. ಈ ಮಾತು ಎತ್ತರದ್ದು. ಆದರೆ ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂಬುದನ್ನು ನೋಡದೆ ಒಪ್ಪಕೂಡದು. ಚಿತ್ರಕಾರನೂ ಪ್ರಕಾಶಕನೂ ತಮ್ಮ ಹೆಸರನ್ನೂ ಮುದ್ರೆಯನ್ನೂ ಹಾಕಿ, ಉಳಿದಿಬ್ಬರಿಗೆ ಮಾತ್ರ ನಿಷ್ಕಾಮತೆಯನ್ನು ಬಿಟ್ಟುಕೊಟ್ಟರೆ, ಅದು ತ್ಯಾಗವೆನಿಸಲಾರದು. ತ್ಯಾಗವನ್ನು ಮಾಡುವವನು ಮಾಡಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಮಾಡಿದರೆ ಅದಕ್ಕೆ ಬೇರೆ ಹೆಸರಿದೆ. ಕೈ ಕೆಸರಾದರೆ ಬಾಯಿ ಮೊಸರೆಂದು ಗಾದೆ; ಆ ಕೈಯೂ ಬಾಯಿಯೂ ಒಬ್ಬನವೇ ಎಂಬ ನಂಬಿಕೆ ಅದರೊಳಗಿದೆ. ಒಬ್ಬನ ಕೈ ಕೆಸರಾಗಿ ಇನ್ನೊಬ್ಬನ ಬಾಯಿ ಮೊಸರಾದಾಗ ಗಾದೆಯು ಸುಮ್ಮನಾಗುತ್ತದೆ.

ಹೆಸರಿನ ವಿಷಯದಲ್ಲಿ ಹೊಕುಸಾಯಿಯ ಜೀವಿತವೇ ಒಂದು ವಿಚಿತ್ರವಾದ ಪಾಠ. ಆತನು ಬಾಲ್ಯದಲ್ಲಿ ಕೆತ್ತನೆಗಾರರ ಬಳಿ ಕೆಲಸ ಕಲಿತವನು. ಸುಮಾರು ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಕತ್ಸುಕಾವಾ ಶುನ್ಶೋ ಎಂಬ ಚಿತ್ರಕಾರನ ಶಿಷ್ಯನಾಗಿ ಶುನ್ರೋ ಎಂಬ ಹೆಸರನ್ನು ಪಡೆದನು. ಅದು ಮೊದಲನೆಯದು ಮಾತ್ರ. ಜೀವಮಾನದಲ್ಲಿ ಆತನು ಮೂವತ್ತರಷ್ಟು ಹೆಸರುಗಳನ್ನು ಧರಿಸಿ ಕಳಚಿದನೆಂದು ಎಣಿಸಿದ್ದಾರೆ. ಸೋರಿ, ತೈತೋ, ಇಯಿತ್ಸು, ಮುಪ್ಪಿನಲ್ಲಿ ಚಿತ್ರದ ಹುಚ್ಚು ಹಿಡಿದ ಮುದುಕನೆಂಬರ್ಥದ ಹೆಸರು. ಸೋರಿ, ತೈತೋ ಎಂಬಂತಹ ಹೆಸರುಗಳು ಪ್ರಸಿದ್ಧವಾದ ಮೇಲೆ ಅವನ್ನು ಶಿಷ್ಯರಿಗೆ ಬಿಟ್ಟುಕೊಟ್ಟು, ತಾನು ಹೊಸ ಹೆಸರಿನಿಂದ ಮತ್ತೆ ಆರಂಭಿಸಿದನು. ಗಳಿಸಿದ ಕೀರ್ತಿಯನ್ನು ಹಳೆಯ ಅಂಗಿಯಂತೆ ಕಳಚಿದ ಈ ಮನುಷ್ಯನೇ ಒಂದು ಮೂಗಿನ ಗೆರೆಗಾಗಿ ಪ್ರಕಾಶಕನೊಡನೆ ವಾದಿಸಿದನು. ಹೆಸರಿನಲ್ಲಿ ಅಷ್ಟು ನಿರ್ಲಕ್ಷ್ಯ, ಕೃತಿಯಲ್ಲಿ ಇಷ್ಟು ಹಟ ಒಬ್ಬನಲ್ಲಿಯೇ ಹೇಗೆ ಕೂಡಿದವು? ಹೆಸರನ್ನು ಆತನು ಆಸ್ತಿಯೆಂದು ಎಣಿಸದೆ ಹೊಣೆಯೆಂದು ಎಣಿಸಿದ್ದನೆಂದು ತಿಳಿದರೆ ಎರಡೂ ಹೊಂದಿಕೊಳ್ಳುತ್ತವೆ. ಆಸ್ತಿಯನ್ನು ದಾನ ಮಾಡಬಹುದು. ಈ ಗೆರೆಗೆ ಉತ್ತರ ಹೇಳುವವನು ನಾನು ಎಂಬ ಹೊಣೆಯನ್ನು ದಾನ ಮಾಡಲಾಗದು.

ಇಲ್ಲಿಗೆ ವಿಚಾರವು ಸುಲಭವಾಗಿ ಮುಗಿಯಿತೆಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಆದರೆ ಹೊಕುಸಾಯಿಯ ಮನೆಯೊಳಗೇ ಇನ್ನೊಂದು ಕೈಯಿತ್ತು. ಆತನ ಮಗಳು ಓಯಿಯು ಚಿತ್ರಕಾರನೊಬ್ಬನನ್ನು ಮದುವೆಯಾಗಿ, ಆ ಸಂಬಂಧವು ಮುರಿದ ಮೇಲೆ ತಂದೆಯ ಮನೆಗೆ ಹಿಂದಿರುಗಿ, ಆತನ ಕೊನೆಯವರೆಗೂ ಜೊತೆಯಲ್ಲಿದ್ದಳು. ಅವಳ ಕೈವಾಡವು ಸಾಮಾನ್ಯವಾದುದಲ್ಲ. ಸ್ತ್ರೀಯರ ಚಿತ್ರಗಳಲ್ಲಿ ಅವಳು ತನ್ನನ್ನು ಮೀರಿಸಿದಳೆಂದು ತಂದೆಯೇ ಹೇಳಿದನೆಂಬ ಪ್ರತೀತಿಯಿದೆ. ಆದರೆ ಅವಳ ರುಜುವುಳ್ಳ ಕೃತಿಗಳು ಬೆರಳೆಣಿಕೆಯಷ್ಟು. ಎಂಬತ್ತು ದಾಟಿದ ತಂದೆಯ ಹೆಸರಿನಲ್ಲಿರುವ ಕೊನೆಗಾಲದ ಕೆಲವು ವರ್ಣಚಿತ್ರಗಳಲ್ಲಿ ಅವಳ ಕೈಯೂ ಸೇರಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಎಷ್ಟೆಂದು ಬೇರ್ಪಡಿಸುವ ಬಗೆ ತಿಳಿಯದು. ಟೋಕಿಯೊದ ಓಟಾ ಸ್ಮಾರಕ ಕಲಾಶಾಲೆಯಲ್ಲಿ ಅವಳದೆಂದು ಒಪ್ಪಿರುವ ಒಂದು ರಾತ್ರಿಯ ಚಿತ್ರವಿದೆ. ಯೊಶಿವಾರಾ ಕೇರಿಯ ಮನೆಯೊಂದರ ಜಾಲಂದ್ರದ ಹಿಂದೆ ಅಲಂಕೃತರಾದ ಹೆಂಗಸರು ಬೆಳಕಿನಲ್ಲಿ ಕುಳಿತಿದ್ದಾರೆ. ಹೊರಗೆ ಕತ್ತಲಲ್ಲಿ ಜನರು ನಿಂತು ನೋಡುತ್ತಿದ್ದಾರೆ. ಚಿತ್ರದಲ್ಲಿ ರುಜುವಿಲ್ಲ. ಆದರೆ ಕತ್ತಲಲ್ಲಿ ಹೊತ್ತ ಮೂರು ಕೈದೀಪಗಳ ಮೇಲೆ ಅವಳ ಹೆಸರಿನ ಅಕ್ಷರಗಳು ಒಂದೊಂದಾಗಿ ಅಡಗಿವೆ.

ಎಗಾವಾನ ಹೆಸರನ್ನು ಕೇಳಿ ಬರೆಸಿದ ಹೊಕುಸಾಯಿಯು ಮಗಳ ಹೆಸರನ್ನು ಏಕೆ ಬರೆಸಲಿಲ್ಲ? ಕಠಿನವಾಗಿ ತೀರ್ಪು ಕೊಡುವುದು ಸುಲಭ. ಶಿಷ್ಯರ ಕೈ ಗುರುವಿನ ಹೆಸರಿನೊಳಗೆ ಸೇರಿಹೋಗುವುದು ಆ ಕಾಲದ ಚಿತ್ರಶಾಲೆಗಳ ರೂಢಿ. ಇಬ್ಬರ ಹೊಟ್ಟೆಯೂ ಅದೇ ಹೆಸರಿನಿಂದ ತುಂಬಬೇಕಾಗಿದ್ದಿತು. ಅವರ ಬಡತನವು ಪ್ರಸಿದ್ಧವಾದುದು. ಅವಳಿಗೂ ಅದು ಸಮ್ಮತವಾಗಿದ್ದಿರಬಹುದು. ಆದರೂ ಒಂದು ಮಾತು ಉಳಿಯುತ್ತದೆ. ಪರರ ನಡುವೆ ಕರಾರಿದೆ, ಕೂಲಿಯಿದೆ, ಪತ್ರವಿದೆ. ಆದುದರಿಂದ ಪರರ ಋಣವು ಲೆಕ್ಕಕ್ಕೆ ಸಿಕ್ಕುತ್ತದೆ. ಮನೆಯವರ ನಡುವೆ ಪ್ರೀತಿಯಿದೆ, ಪ್ರೀತಿಯು ಲೆಕ್ಕವಿಡುವುದಿಲ್ಲ, ಆದುದರಿಂದ ಅಲ್ಲಿಯ ಋಣವು ಕಾಣದೆಯೇ ಹೋಗುತ್ತದೆ. ಪ್ರೀತಿಯ ಈ ಗುಣವೇ ಅದರ ಹಿರಿಮೆ. ಎಚ್ಚರ ತಪ್ಪಿದರೆ ಅದೇ ಅದರ ಅನ್ಯಾಯ. ಪಂಡಿತನ ಹಸ್ತಪ್ರತಿಯನ್ನು ರಾತ್ರಿಯೆಲ್ಲ ನಕಲು ಮಾಡಿದ ಹೆಂಡತಿ, ಅಣ್ಣನ ವ್ಯಾಸಂಗಕ್ಕಾಗಿ ತನ್ನದನ್ನು ನಿಲ್ಲಿಸಿದ ತಂಗಿ, ಇಂತಹವರು ಯಾವ ದೇಶದ ಯಾವ ವಿದ್ಯಾವಂತ ಕುಟುಂಬದಲ್ಲಿ ಇಲ್ಲ? ಅವರು ಕೇಳಲಿಲ್ಲವೆಂಬುದು, ಉಳಿದವರು ಹೇಳದಿರುವುದಕ್ಕೆ ಕಾರಣವಾಗಲಾರದು.

ಹಾಗಾದರೆ ಕೃತಿಯ ಕರ್ತೃವು ಯಾರೆಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವು ಸಾಲದು. ಮಹಾತರಂಗದ ಕಲ್ಪನೆ ಹೊಕುಸಾಯಿಯದು. ಆ ಗೌರವದಲ್ಲಿ ಯಾರಿಗೂ ಪಾಲಿಲ್ಲ. ಹಣ ಹೂಡಿದ ಸಾಹಸ ನಿಶಿಮುರಾಯಾನದು. ರೇಖೆಯ ಜೀವ ಕೆತ್ತಿದವನದು. ನೀಲಿಯ ಆಳ ಅಚ್ಚೊತ್ತಿದವನದು. ಇವುಗಳಲ್ಲಿ ಒಂದರ ಮಾನ್ಯತೆಯಿಂದ ಇನ್ನೊಂದಕ್ಕೆ ಕುಂದಿಲ್ಲ. ದೀಪದಿಂದ ದೀಪ ಹಚ್ಚಿದರೆ ಮೊದಲನೆಯ ದೀಪದ ಬೆಳಕು ಕಡಮೆಯಾಗದಷ್ಟೆ. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನ ಕೀರ್ತಿ ತಗ್ಗೀತೆಂಬ ಭಯವು ಕೀರ್ತಿಯನ್ನು ಹೊಲದಂತೆ ಎಣಿಸುವುದರಿಂದ ಹುಟ್ಟುತ್ತದೆ. ಹೊಲವನ್ನು ಪಾಲು ಮಾಡಿದರೆ ಕಿರಿದಾಗುತ್ತದೆ, ಸತ್ಯವನ್ನು ಪೂರ್ತಿಯಾಗಿ ಹೇಳಿದರೆ ಕಿರಿದಾಗುವುದಿಲ್ಲ.

ಹೆಸರು ಹೇಳುವುದು ಬಹುಮಾನ ಹಂಚುವ ಕ್ರಿಯೆ ಮಾತ್ರವಲ್ಲ; ಅದು ನಡೆದುದನ್ನು ನಡೆದಂತೆ ಹೇಳುವ ಕ್ರಿಯೆ. ಹೆಸರನ್ನು ಅಳಿಸಿದಲ್ಲಿ ಹೊಗಳಿಕೆಯೊಡನೆ ಹೊಣೆಯೂ ಅಳಿಯುತ್ತದೆ: ಹೆಸರಿಲ್ಲದವನು ಚೆನ್ನಾಗಿ ಕೆತ್ತಿದರೂ ಕೇಳುವವರಿಲ್ಲ, ಕೆಟ್ಟದಾಗಿ ಕೆತ್ತಿದರೂ ಕೇಳುವವರಿಲ್ಲ. ಎಗಾವಾನನ್ನು ಹೆಸರಿಸಿದ ಹೊಕುಸಾಯಿಯು ಆತನಿಗೆ ಗೌರವವನ್ನು ಕೊಟ್ಟನಲ್ಲದೆ ಗೌರವಕ್ಕೆ ತಕ್ಕಂತೆ ಕೆತ್ತುವ ಭಾರವನ್ನೂ ಹೊರಿಸಿದನು. ಈ ಎರಡನ್ನೂ ಒಟ್ಟಿಗೆ ಕೊಡುವುದೇ ಇನ್ನೊಬ್ಬನನ್ನು ಮನುಷ್ಯನೆಂದು ಕಾಣುವ ರೀತಿ.

ಕಳೆದುಹೋದ ಹೆಸರುಗಳೆಲ್ಲ ಇನ್ನು ಹಿಂದಿರುಗಲಾರವು. ಮಹಾತರಂಗವನ್ನು ಕೆತ್ತಿದವನು ಯಾರೆಂಬುದಕ್ಕೆ ಹಾಳೆಯು ಉತ್ತರ ಕೊಡುವುದಿಲ್ಲ. ಆದರೆ ಆ ಚಿತ್ರವನ್ನು ನೋಡುವ ರೀತಿ ನೋಡುವವರ ಕೈಯಲ್ಲಿದೆ. ಅಲೆಯ ಅಬ್ಬರದಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳದಿರುವುದು ಅದರಡಿಯ ಮೂರು ದೋಣಿಗಳು. ಹಸಿಯ ಮೀನನ್ನು ಬೇಗನೆ ಪೇಟೆಗೆ ಮುಟ್ಟಿಸುವ ದೋಣಿಗಳವು; ಅವುಗಳಲ್ಲಿ ಹುಟ್ಟುಹಾಕುವವರು ಸಾಲಾಗಿ ತಲೆ ಬಾಗಿಸಿ ಕುಳಿತಿದ್ದಾರೆ. ಒಬ್ಬೊಬ್ಬರಿಗೂ ಮುಖವನ್ನು ಬರೆದುಕೊಟ್ಟವನು ಹೊಕುಸಾಯಿ. ಅಂಗುಲದ ಒಂದು ಭಾಗದಷ್ಟೂ ಇಲ್ಲದ ಆ ಮುಖಗಳನ್ನು ಗಟ್ಟಿಮರದಲ್ಲಿ ಚಾಕು ಜಾರದಂತೆ ಕೆತ್ತಿ ಉಳಿಸಿದವನು ಇನ್ನೊಬ್ಬನು. ಚಿತ್ರವನ್ನು ಮೆಚ್ಚುವವರು ಇಬ್ಬರನ್ನೂ ನೆನೆಯುವುದು ಯುಕ್ತ.